ಸುಮ್ಮನೆ ಕೂರುವ ಜಾಗ

೬ ಜನವರಿ ೨೦೨೫, ಸೋಮವಾರ
ಚಿಕ್ಕಬಳ್ಳಾಪುರ

ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿರುವ ಹರಿತಾ ಎಂಬ ಹುಡುಗಿ ಇಂದು ಬೆಳಿಗ್ಗೆ ನಾಲ್ಕು ಹಾಳೆಗಳನ್ನು ಹಿಡಿದು ಕೆಳಗಿಳಿದು ಬಂದಳು. "ಆಂಟಿ, ಇದ್ರಲ್ಲಿ ಕನ್ನಡ ಸರಿ ಇದ್ಯಾ ಸ್ವಲ್ಪ ನೋಡ್ತೀರಾ?" ಎಂದಳು. ನಾನು ಯಾರ ಆಂಟಿಯೂ ಅಲ್ಲವೆಂದು ಮೊದಲು ತಿಳಿಸಿದೆ. ಆಮೇಲೆ ಹಾಳೆಗಳನ್ನು ನೋಡಿದೆ. ಮೊದಲ ಹಾಳೆಯಲ್ಲಿಯೇ ಹದಿನೇಳು ತಪ್ಪುಗಳಿದ್ದವು. ನಿವೃತ್ತಿಯಾಗಿ ಒಂಬತ್ತು ವರ್ಷಗಳಾದರೂ ನನ್ನ ಕೆಂಪು ಶಾಯಿಯ ಪೆನ್ನು ಒಣಗಿಲ್ಲವೆಂಬುದು ಸಂತೋಷದ ಸಂಗತಿ.

ಅವಳ ಕೆಲಸವೇನೆಂದು ವಿಚಾರಿಸಿದೆ. ಬೆಂಗಳೂರಿನ ಒಂದು ಸಣ್ಣ ಕಂಪನಿಯವರು ಫೋನಿಗೆ ಒಂದು ಆ್ಯಪ್ ಸಿದ್ಧಪಡಿಸುವವರಿದ್ದಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿ ಯಾವ ಹೊತ್ತಿಗೆ ಎಲ್ಲಿಗೆ ಹೋದರೆ ಚೆನ್ನ ಎಂಬುದನ್ನು ಅದು ಸೂಚಿಸಬೇಕಂತೆ. ಅದಕ್ಕೆ ಮೊದಲು, ಜನ ಈಗ ಎಲ್ಲಿಗೆ ಹೋಗುತ್ತಾರೆ, ಅಲ್ಲಿಗೇ ಏಕೆ ಹೋಗುತ್ತಾರೆ ಎಂಬುದನ್ನು ನಲವತ್ತು ಮಂದಿಯ ಬಾಯಿಂದ ಕೇಳಿ ತಿಳಿಯುವುದು ಹರಿತಾಳ ಪಾಲಿಗೆ ಬಂದಿರುವ ಕೆಲಸ. ಫೆಬ್ರವರಿ ಐದರಂದು ಅವಳು ಕಂಪನಿಯ ಮುಖ್ಯಸ್ಥರ ಮುಂದೆ ವರದಿಯನ್ನು ಇಡಬೇಕು.

"ನಾನೊಬ್ಳೇ ಮಾಡ್ತಿರೋ ಮೊದಲನೇ ಸ್ಟಡಿ ಮೇಡಂ ಇದು. ಸರಿ ಬರ್ಲಿಲ್ಲ ಅಂದ್ರೆ ಪ್ರಾಜೆಕ್ಟನ್ನೇ ಬೇರೆ ಜಿಲ್ಲೆಗೆ ಎತ್ಕೊಂಡು ಹೋಗ್ತಾರೆ. ನಾನು ಮತ್ತೆ ಕಂಪ್ಲೇಂಟ್ ಫೋನ್ ಎತ್ಕೊಂಡು ಕೂತಿರ್ಬೇಕು ಅಷ್ಟೆ."

ನಲವತ್ತು ಜನರನ್ನು ಎಲ್ಲಿಂದ ತರುತ್ತೀಯೆ ಎಂದು ಕೇಳಿದೆ. ಬಸ್ ನಿಲ್ದಾಣದಲ್ಲಿ ಸಿಕ್ಕವರನ್ನು ಕೇಳುವಳಂತೆ! ಸಿಕ್ಕವರು ಸಿಕ್ಕಂತೆ ಮಾತನಾಡುತ್ತಾರೆಂದು ಹೇಳಿ, ಈ ಹೊಣೆಯನ್ನು ನಾನೇ ವಹಿಸಿಕೊಂಡೆ. ಮೂವತ್ತೈದು ವರ್ಷಗಳ ಸೇವೆಯಲ್ಲಿ ನಾಲ್ಕೂ ಊರುಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದವಳು ನಾನು. ಎಲ್ಲೆಡೆಯೂ ನನ್ನ ಶಿಷ್ಯರಿದ್ದಾರೆ. ಅವರು ಯೋಚಿಸಿ, ಪೂರ್ಣ ವಾಕ್ಯಗಳಲ್ಲಿ ಉತ್ತರಿಸುವರು, ನನ್ನೆದುರಿಗೆ ಸುಳ್ಳಾಡರು.

ಯಜಮಾನರು ಪತ್ರಿಕೆಯಿಂದ ತಲೆಯೆತ್ತಿ, "ನಲವತ್ತು ಜನಾನಾ? ಪಾಪ," ಎಂದು ಮತ್ತೆ ತಲೆ ತಗ್ಗಿಸಿದರು.

೯ ಜನವರಿ, ಗುರುವಾರ

ಗೌರಿಬಿದನೂರಿಗೆ ಹೋಗಿ ಬಂದೆ. ಹಳೆಯ ಶಿಷ್ಯ ಗಂಗರಾಜು ಈಗ ಪಂಪ್‌ಸೆಟ್ ರಿಪೇರಿ ಅಂಗಡಿಯ ಮಾಲೀಕ, ತಲೆ ನರೆತಿದೆ. ಆದರೂ ನನ್ನನ್ನು ಕಂಡೊಡನೆ ಎದ್ದು, ಕೈಯ ಗ್ರೀಸನ್ನು ಒರೆಸಿಕೊಂಡು, ಕೈ ಕಟ್ಟಿ ನಿಂತ. ಎಂಥ ಸಂಸ್ಕಾರ!

"ಕುಳಿತುಕೊಳ್ಳಪ್ಪ," ಎಂದೆ.

"ಪರ್ವಾಗಿಲ್ಲ ಮಿಸ್. ನಿಂತ್ಕೊಂಡ್ರೇ ನೆನಪಾಗೋದು."

ಬಿಡುವಿನ ದಿನಗಳಲ್ಲಿ ಕುಟುಂಬಸಮೇತನಾಗಿ ಎಲ್ಲಿಗೆ ಹೋಗುವೆಯೆಂದು ಕೇಳಿದೆ. ಆತ ಒಂದೇ ಉಸಿರಿಗೆ ಹೇಳಿದ: "ನಾವು ಕೈವಾರ, ರಂಗಸ್ಥಳ, ಮುದ್ದೇನಹಳ್ಳಿ ಹಾಗೂ ನಂದಿಗೆ ಹೋಗುತ್ತೇವೆ. ಅಲ್ಲಿಯ ಪ್ರಶಾಂತವಾದ ವಾತಾವರಣವು ಮನಸ್ಸಿಗೆ ಮುದವನ್ನು ನೀಡುತ್ತದೆ." ಪಂಪ್‌ಸೆಟ್ಟುಗಳ ನಡುವೆ ಇಷ್ಟು ಶುದ್ಧವಾದ ವಾಕ್ಯವನ್ನು ಕೇಳಿ ನನ್ನ ಕಣ್ಣು ತುಂಬಿತು.

ಒಳಗಿನಿಂದ ಅವನ ಹೆಂಡತಿ, "ಯಾವಾಗ್ರೀ ಕರ್ಕೊಂಡೋಗಿದ್ದು ಕೈವಾರಕ್ಕೆ?" ಎಂದಳು. ಗಂಗರಾಜು ಅತ್ತ ಕಣ್ಣು ಬಿಟ್ಟು, "ಲೇ, ಮಿಸ್ಸಿಗೆ ಕಾಫಿ ತಗೊಂಬಾ," ಎಂದ. ಪಾಪ, ಆಕೆಗೆ ಮರೆವು ಹೆಚ್ಚೆಂದು ಕಾಣುತ್ತದೆ.

೧೩ ಜನವರಿ, ಸೋಮವಾರ

ನಾಳೆ ಸಂಕ್ರಾಂತಿ. ಎಳ್ಳು ಹುರಿಯುತ್ತಲೇ ಲೆಕ್ಕ ಹಾಕಿದೆ: ಈವರೆಗೆ ಹತ್ತೊಂಬತ್ತು ಮಂದಿ. ಚಿಂತಾಮಣಿಯಲ್ಲಿ ಒಂದೇ ದಿನ ಎಂಟು ಜನ ಸಿಕ್ಕರು. ಸುದ್ದಿ ತಿಳಿದು ತಾವಾಗಿಯೇ ಬಂದು ಸಾಲಾಗಿ ನಿಂತಿದ್ದರು. ಹರಿತಾ ತನ್ನ ಊರೆಂದು ಜೊತೆಗೆ ಬಂದಿದ್ದಳು. ನಡುವೆ ಬಾಯಿ ಹಾಕಿ, "ಅಣ್ಣ, ಲಾಸ್ಟ್ ಯಾವಾಗ ಹೋಗಿದ್ರಿ ಅಲ್ಲಿಗೆ?" ಎಂದು ಒಬ್ಬನನ್ನು ಕೇಳಿದಳು. ಅವನು ನನ್ನ ಮುಖ ನೋಡಿದ. ಉತ್ತರ ಮುಗಿಯುವ ಮುನ್ನ ಪ್ರಶ್ನೆ ಕೇಳುವುದು ಶಿಸ್ತಲ್ಲವೆಂದು ಬಸ್ಸಿನಲ್ಲಿ ಅವಳಿಗೆ ತಿಳಿಹೇಳಿದೆ.

೧೭ ಜನವರಿ, ಶುಕ್ರವಾರ

ಶಿಡ್ಲಘಟ್ಟ. ಹನ್ನೊಂದು ವರ್ಷ ದುಡಿದ ಊರು. ಹನ್ನೆರಡು ಮಂದಿಯನ್ನು ಮಾತನಾಡಿಸಿದೆ, ಒಟ್ಟು ಮೂವತ್ತೊಂದಾಯಿತು. ಕೊನೆಯವಳು ಸಂಘಮಿತ್ರ, ತರಗತಿಗೆ ಮೊದಲಿಗಳಾಗಿದ್ದ ಜಾಣೆ. ಈಗ ಇಲ್ಲಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವ ಉದ್ಯೋಗ. ಅವಳೂ ಕೈವಾರದಿಂದ ನಂದಿಯವರೆಗೆ ತಪ್ಪಿಲ್ಲದೆ ಹೇಳಿದಳು. ಹೇಳುವಾಗ ಏಕೋ ತುಟಿಯಂಚಿನಲ್ಲಿ ನಗುತ್ತಿದ್ದಳು. ಹಳೆಯ ಗುರುಗಳನ್ನು ಕಂಡ ಸಂತೋಷವಿರಬೇಕು.

೨೨ ಜನವರಿ, ಬುಧವಾರ

ಹರಿತಾ ಮೂವತ್ತೊಂದು ಹಾಳೆಗಳನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿ, ಸಾಲು ಸಾಲಿಗೂ ಬೆರಳಿಟ್ಟು ಓದಿದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಇಪ್ಪತ್ತಾರು ಜನ ಇದೇ ನಾಲ್ಕು ಜಾಗ ಹೇಳಿದಾರೆ."

"ಒಳ್ಳೆಯ ಜಾಗಗಳು. ಅದರಲ್ಲೇನಿದೆ?"

"ಇದೇ ಆರ್ಡರಲ್ಲಿ ಹೇಳಿದಾರೆ. ಗೌರಿಬಿದನೂರಿನೋರಿಗೆ ಪಕ್ಕದಲ್ಲೇ ವಿದುರಾಶ್ವತ್ಥ ಇದೆ. ಅದನ್ನ ಬಿಟ್ಟು ಎಲ್ಲಾದಕ್ಕಿಂತ ದೂರದ ಕೈವಾರಾನ ಯಾಕೆ ಮೊದ್ಲು ಹೇಳ್ತಾರೆ? ಆಮೇಲೆ ಈ ಪ್ರಶಾಂತವಾದ ವಾತಾವರಣ... ಅದೂ ಇಪ್ಪತ್ತಾರು ಸಲ ಇದೆ."

ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಒಂದು ಹಾಳೆಯನ್ನೆತ್ತಿ ಓದಿದರು. ಹೊಟ್ಟೆ ಕುಲುಕುವಂತೆ ನಕ್ಕರು. "ಅಲಮೇಲು, ಇದು ನಿನ್ನ 'ನಾವು ಕೈಗೊಂಡ ಪ್ರವಾಸ' ಕಣೇ! ವರ್ಷಾವರ್ಷ ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸ್ತಿದ್ದೆಯಲ್ಲ, ಆ ಪ್ರಬಂಧ. ನೀನು ತಿದ್ದೋಕೆ ಮನೆಗೆ ತರ್ತಿದ್ದ ಮಕ್ಕಳ ನೀಲಿ ಪುಸ್ತಕಗಳಲ್ಲಿ ನಾನೇ ಅದನ್ನ ಸಾವಿರ ಸಲ ನೋಡಿದೀನಿ."

ನಾನು ಹಾಳೆಗಳನ್ನು ಒಟ್ಟುಗೂಡಿಸಿ ಜೋಡಿಸಿಟ್ಟೆ. ಅಂಚುಗಳು ಸಮವಾಗುವವರೆಗೆ ಮೇಜಿಗೆ ತಟ್ಟಿದೆ.

"ಉಳಿದ ಐದನ್ನೂ ನಂಬೋಕಾಗಲ್ಲ, ಮೂವತ್ತೊಂದೂ ಹೋಯ್ತು ಮೇಡಂ," ಎಂದಳು ಹರಿತಾ, ಬಹಳ ಮೆಲ್ಲಗೆ. "ಇನ್ನ ಹದಿನಾಲ್ಕು ದಿನ ಇದೆ."

೨೩ ಜನವರಿ, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

೨೫ ಜನವರಿ, ಶನಿವಾರ

ಇಂದು ಬೆಳಿಗ್ಗೆ ನಾನಾಗಿಯೇ ಮಹಡಿ ಹತ್ತಿ, ಇನ್ನೊಂದು ಉಪಾಯವಿದ್ದರೆ ಹೇಳೆಂದೆ. ಇದೆಯಂತೆ. ಪ್ರಶ್ನೆ ಕೇಳದೆ ಜನರ ಜೊತೆಯಲ್ಲಿ ಸುಮ್ಮನೆ ಹೋಗಬೇಕು. ಅವರು ನಿಂತಲ್ಲಿ ನಿಲ್ಲಬೇಕು, ಕುಳಿತಲ್ಲಿ ಕುಳಿತುಕೊಳ್ಳಬೇಕು. "ನೀವು ಅಂಕಲ್ ಮೇಲೆ ಪ್ರಾಕ್ಟೀಸ್ ಮಾಡಿ," ಎಂದಳು.

ಯಜಮಾನರು ದಿನವೂ ಸಂಜೆ ಐದಕ್ಕೆ ವಾಯುಸೇವನೆಗೆ ಹೋಗುತ್ತಾರೆ. ಇಂದು ನಾನೂ ಬರುತ್ತೇನೆಂದೆ. ಮುಖ ಸಪ್ಪಗಾಯಿತು. ಉದ್ಯಾನವನದ ಗೇಟಿನವರೆಗೆ ನೆಟ್ಟಗೆ ನಡೆದರು. ಅಲ್ಲಿ ನಿಂತು ನನ್ನನ್ನೊಮ್ಮೆ ನೋಡಿದರು. ನಾನು ಏನನ್ನೂ ಕೇಳಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಎಡಕ್ಕೆ ತಿರುಗಿ, ಎರಡು ಗಲ್ಲಿ ದಾಟಿ, ಮುನಿಗಂಗಪ್ಪನೆಂಬವನ ತಳ್ಳುಗಾಡಿಯ ಬಳಿಗೆ ಕರೆದೊಯ್ದರು. ಅವನು ಇವರನ್ನು ನೋಡಿದ ಕೂಡಲೇ ಮೆಣಸಿನಕಾಯಿ ಬಜ್ಜಿ ಬಾಣಲೆಗೆ ಬಿಟ್ಟ.

"ಏನ್ ಸಾರ್, ಇವತ್ತು ಅಮ್ಮಾವ್ರನ್ನೂ ಕರ್ಕೊಂಬಂದ್ಬುಟ್ರಿ! ಟೀಗೆ ಸಕ್ರೆ ಮಾಮೂಲಾ, ಕಮ್ಮೀನಾ?"

"ಕಮ್ಮಿ," ಎಂದರು, ಸಕ್ಕರೆ ಕಾಯಿಲೆಯ ನನ್ನ ಗಂಡ.

ನಾನು ಬಾಯಿ ಬಿಡಲಿಲ್ಲ. ಕಷ್ಟವಾಯಿತು. ಅಲ್ಲೊಂದು ಕಲ್ಲುಚಪ್ಪಡಿಯಿದೆ, ಅದರ ಮೇಲೆ ಕುಳಿತರೆ ಬೇವಿನ ಮರದ ಗಾಳಿ ಬೀಸುತ್ತದೆ. ಅವರು ಎಂಟು ವರ್ಷಗಳಿಂದ ಇಲ್ಲಿಯೇ ಕೂರುವರಂತೆ. ತಾವು ನೌಕರಿಯಲ್ಲಿದ್ದ ಖಜಾನೆಯ ಕಚೇರಿಯಲ್ಲಿ ಕಡೆಯ ದಿನ ಯಾರೂ ಬೀಳ್ಕೊಡಲು ಬರಲಿಲ್ಲವೆಂಬುದನ್ನು ಇಂದು, ಇಲ್ಲಿ, ನನಗೆ ಮೊದಲ ಬಾರಿಗೆ ಹೇಳಿದರು. ಬಜ್ಜಿ ಬಿಸಿಯಾಗಿತ್ತು. ನಾನು ಎರಡು ತಿಂದೆ.

೨೭ ಜನವರಿ, ಸೋಮವಾರ

ಶಿಡ್ಲಘಟ್ಟಕ್ಕೆ ಹೋಗಿ, ಸಂಘಮಿತ್ರಳು ಊಟಕ್ಕೆ ಹೊರಬರುವವರೆಗೆ ಕಾದೆ. ಮೊನ್ನೆಯ ಉತ್ತರದ ಬಗ್ಗೆ ಎಲ್ಲವೂ ತಿಳಿಯಿತೆಂದು ಹೇಳಿದೆ.

"ನೀವು ಪ್ರಶ್ನೆ ಕೇಳಿದ್ರೆ ನಮ್ಮ ಬಾಯಲ್ಲಿ ಅದೇ ಬರೋದು ಮಿಸ್," ಎಂದು ನಕ್ಕಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳಿದಳು: "ಇನ್ನೊಂದು ಹೇಳ್ತೀನಿ, ಬೈಬೇಡಿ. ಆ ಪ್ರವಾಸಕ್ಕೆ ನಾನು ಬಂದೇ ಇರ್ಲಿಲ್ಲ. ಆವತ್ತು ನಮ್ಮನೇಲಿ ಗೂಡು ಬಿಡಿಸೋ ದಿನ. ರೇಷ್ಮೆ ಗೂಡು ಅವತ್ತೇ ಬಿಡಿಸ್ಬೇಕು, ನಾಳೆ ಅನ್ನಂಗಿಲ್ಲ. ನಮ್ಮಮ್ಮ ಕಳಿಸ್ಲಿಲ್ಲ."

"ಆದರೆ ನೀನು ಪ್ರಬಂಧ ಬರೆದಿದ್ದೆ."

"ಬರ್ದಿದ್ದೆ. ಹತ್ತಕ್ಕೆ ಒಂಬತ್ತು ಕೊಟ್ಟಿದ್ರಿ. ಇವತ್ತಿನವರೆಗೂ ನಾನು ಮುದ್ದೇನಹಳ್ಳಿ ನೋಡಿಲ್ಲ ಮಿಸ್."

ಇಪ್ಪತ್ತನಾಲ್ಕು ಮಕ್ಕಳ ಬಸ್ಸಿಗೆ ಮೂವತ್ತೆಂಟು ಮಕ್ಕಳ ತರಗತಿ. ಉಳಿದ ಹದಿನಾಲ್ಕು ಮಕ್ಕಳೂ ಅದೇ ಪ್ರಬಂಧ ಬರೆದಿದ್ದರೆಂಬುದು ನನಗೆ ಅಂದು ಹೊಳೆದಿರಲೇ ಇಲ್ಲ.

ಅವಳು ತನ್ನ ಡಬ್ಬಿಯಿಂದ ಅವರೆಕಾಳಿನ ಹುಳಿ ಬಡಿಸಿದಳು. ಉಂಡೆ. ಹೊರಡುವಾಗ, "ಗುರುವಾರ ಬನ್ನಿ, ಒಂದು ಕಡೆ ಕೂರಿಸ್ತೀನಿ," ಎಂದಳು. "ಪುಸ್ತಕ ಪೆನ್ನು ಮನೇಲಿಟ್ಟು ಬನ್ನಿ."

೩೦ ಜನವರಿ, ಗುರುವಾರ

ಸಂಘಮಿತ್ರ ನನ್ನನ್ನು ಕೂರಿಸಿದ್ದು ಅವಳ ಆಸ್ಪತ್ರೆಯಲ್ಲಿ, ರೋಗಿಗಳ ಕಡೆಯವರು ಕಾಯುವ ಹಜಾರದಲ್ಲಿ. ಎರಡು ಸಾಲು ಕುರ್ಚಿಗಳು, ತಲೆಯ ಮೇಲೆ ಫ್ಯಾನು, ಮೂಲೆಯಲ್ಲಿ ಕುಡಿಯುವ ನೀರು. "ಇಲ್ಲಿರೋ ಹೆಂಗಸ್ರಲ್ಲಿ ಅರ್ಧ ಜನಕ್ಕೆ ಒಳಗಡೆ ಯಾರೂ ಪೇಷಂಟ್ ಇಲ್ಲ ಮಿಸ್," ಎಂದು ಕಿವಿಯಲ್ಲಿ ಹೇಳಿ ಹೋದಳು.

ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು ಹಾಯಾಗಿ ಕುಳಿತಿದ್ದಳು. ಅಭ್ಯಾಸಬಲದಿಂದ ಕೇಳಿಬಿಟ್ಟೆ:

"ನಿಮ್ಮ ಕಣ್ಣಿಗೆ ಏನಾಗಿದೆ? ಯಾವ ಊರಿನವರು? ಜೊತೆಗೆ ಯಾರು ಬಂದಿದ್ದಾರೆ?"

ಆಕೆ ಕಾಲು ಕೆಳಗಿಳಿಸಿದಳು, ಸೆರಗು ಸರಿಪಡಿಸಿಕೊಂಡಳು, ಚೀಲವನ್ನೆತ್ತಿಕೊಂಡು ಹೊರಟುಹೋದಳು. ಅವಳ ಹಿಂದೆಯೇ ಇನ್ನಿಬ್ಬರು ಎದ್ದರು. ಬಾಗಿಲಾಚೆ ಬಿಸಿಲಿನಲ್ಲಿ ಮೂವರೂ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದುದು ಕಾಣಿಸುತ್ತಿತ್ತು.

ಸಂಘಮಿತ್ರ ಕಿಟಕಿಯಿಂದ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇನ್ನು ಆರು ದಿನಗಳು.

೧ ಫೆಬ್ರವರಿ, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಹೋಗಿ ಅದೇ ಕುರ್ಚಿಯಲ್ಲಿ ಕುಳಿತೆ. ಹನ್ನೊಂದರ ಹೊತ್ತಿಗೆ ಆಕೆ ಬಂದಳು. ನನ್ನನ್ನು ಕಂಡು ಆಚೆಯ ತುದಿಯ ಕುರ್ಚಿ ಹಿಡಿದಳು. ನಾನು ಫ್ಯಾನನ್ನು ನೋಡುತ್ತಿದ್ದೆ. ಒಂದು ಗಂಟೆ ಒಂದೇ ಒಂದು ಮಾತನ್ನೂ ಆಡದೆ ಕುಳಿತದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಮೊದಲ ಅರ್ಧ ಗಂಟೆ ಬೆನ್ನು ನೋಯಿತು. ಆಮೇಲೆ, ಹೇಗೆಂದು ತಿಳಿಯದು, ನಿದ್ದೆ ಬಂದಿತು.

ಎಚ್ಚರವಾದಾಗ ಆಕೆ ಪಕ್ಕದಲ್ಲಿದ್ದಳು. ಮಡಿಲಿನಲ್ಲಿ ಬೇಯಿಸಿದ ಕಡಲೆಕಾಯಿ.

"ತಗೋಮ್ಮಾ. ನಿದ್ದೆ ಚೆನ್ನಾಗ್ ಬಂತಾ? ಗೊರಕೆ ಹೊಡೀತಿದ್ದೆ."

"ನಾನಾ?"

"ಏಂ ಪರವಾಲೇದು. ಇಲ್ಲಿ ಎಲ್ರೂ ಹೊಡೀತಾರೆ."

ಆಕೆ ಅಕ್ಕಯಮ್ಮ, ದಿಬ್ಬೂರಹಳ್ಳಿಯವಳು. ಇದನ್ನು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಗಂಡ ಎರ್ರಪ್ಪ ಗೂಡಿನ ಮಾರುಕಟ್ಟೆಗೆ ಗೂಡು ತರುತ್ತಾನೆ. ಹರಾಜು ಮುಗಿಯುವವರೆಗೆ ಮೂರು ಗಂಟೆ ಇವಳಿಗೆ ಕೆಲಸವಿಲ್ಲ.

"ಹೋಟ್ಲಾಗೆ ಕೂತ್ರೆ ಇನ್ನೇನ್ ಬೇಕು ಅಂತಾರೆ. ದೇವಸ್ಥಾನದಾಗೆ ಕೂತ್ರೆ ಏನ್ ಕಷ್ಟ ಬಂತವ್ವ ಅಂತಾರೆ. ಬಸ್‌ಸ್ಟ್ಯಾಂಡಾಗೆ ಯಾವ್ ಬಸ್ಸು, ಯಾವೂರು, ಯಾರ ಮನೆಯೋಳು. ಇಲ್ಲಿ ಒಬ್ರೂ ಏನೂ ಕೇಳಲ್ಲ ತಾಯಿ. ಒಳಗೆ ನಮ್ಮೋರು ಯಾರೋ ಇದಾರೆ ಅಂದ್ಕೋತಾರೆ. ಬಚ್ಚಲಿಗೆ ಚಿಲಕ ಐತೆ. ಫ್ಯಾನೈತೆ. ಮನೇಲಿ ಹುಳ ಇದ್ರೆ ಮೂವತ್ ದಿನ ಸೊಪ್ಪು ಹಾಕೋದೇ, ಸೊಪ್ಪು ಹಾಕೋದೇ. ಈ ಮೂರ್ ಗಂಟೆ ನಂದು."

"ಎಷ್ಟು ವರ್ಷದಿಂದ ಬರ್ತಿದೀರಾ?" ಎಂದು ನಾಲಿಗೆಯ ತುದಿಗೆ ಬಂದಿತು. ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ.

ಮುಂದಿನ ಸಾಲಿನವಳೊಬ್ಬಳು ತಿರುಗಿ, ತಾನು ಕೆಂಚಾರ್ಲಹಳ್ಳಿಯಿಂದ ತಿಂಗಳಿಗೊಮ್ಮೆ ಬರುವುದಾಗಿ ಹೇಳಿದಳು, ಕಾರಣವೇನೂ ಇಲ್ಲವಂತೆ. ಮೂರನೆಯವಳು ಚಿಂತಾಮಣಿಯಲ್ಲಿಯೂ ಇಂಥದೇ ಒಂದು ಜಾಗವಿದೆಯೆಂದಳು. ಹೀಗೆ ಸಂಜೆಯವರೆಗೆ ಒಂಬತ್ತು ಮಂದಿ ಮಾತನಾಡಿದರು. ಅವರವರ ಮಾತನ್ನು ಅವರವರು ಆಡಿದಂತೆಯೇ ನೆನಪಿಟ್ಟುಕೊಂಡು, ಬಸ್ಸಿನಲ್ಲಿ ಕಂಡಕ್ಟರನ ಪೆನ್ನು ಕೇಳಿ ಪಡೆದು, ಚೀಲದಲ್ಲಿ ಸಿಕ್ಕ ಚೀಟಿಗಳ ಮೇಲೆಲ್ಲ, ಟಿಕೆಟ್ಟಿನ ಹಿಂಬದಿಯಲ್ಲೂ ಬರೆದೆ.

೩ ಫೆಬ್ರವರಿ, ಸೋಮವಾರ

ಹರಿತಾ ನನ್ನ ಬರಹವನ್ನು ಎರಡು ಬಾರಿ ಓದಿ, ಕುರ್ಚಿಯಿಂದೆದ್ದು ನನ್ನನ್ನು ಅಪ್ಪಿಕೊಂಡಳು. "ಆಂಟಿ, ಇದು! ಇದೇ ಬೇಕಾಗಿದ್ದು ನಂಗೆ. ನಲವತ್ತಾಗದೆ ಒಂಬತ್ತೇ ಆದ್ರೂ ಪರ್ವಾಗಿಲ್ಲ. ನಾಲ್ಕು ಊರಲ್ಲೂ ಇಂಥ ಜಾಗಾನ ಮ್ಯಾಪಲ್ಲಿ ಹಾಕಿದ್ರೆ ಸಾಕು. ಆಸ್ಪತ್ರೆ ಹೆಸರು ಹೇಳಿ, ನಾಳೆನೇ ಹೋಗಿ ಫೋಟೋ ತಗೋತೀನಿ."

"ಹೆಸರು ಹೇಳಲ್ಲ."

"ಯಾಕೆ ಆಂಟಿ?"

"ಫೋಟೋ ಬಂದ ಮಾರನೇ ದಿನ ಬಾಗಿಲಲ್ಲಿ ಒಬ್ಬ ನಿಂತು ಚೀಟಿ ಕೇಳ್ತಾನೆ. ಅಕ್ಕಯಮ್ಮ ಬಿಸಿಲಲ್ಲಿ ನಿಲ್ತಾಳೆ. ಒಂದು ಸಲ ನಿಲ್ಲಿಸಿದೀನಿ, ಸಾಕು."

ಅವಳು ಪೆನ್ಸಿಲಿನ ತುದಿ ಕಚ್ಚುತ್ತ ಕುಳಿತಳು. ಹೆಸರಿಲ್ಲದ ಜಾಗವನ್ನು ಮುಖ್ಯಸ್ಥರು ಕಟ್ಟುಕಥೆಯೆನ್ನಬಹುದು. ಹೆಸರು, ಚಿತ್ರ ಇದ್ದರೆ ಗೆಲುವು ಖಂಡಿತ. ಅದನ್ನು ಅವಳಂತೆ ನಾನೂ ಬಲ್ಲೆ. ಅವಳ ಕೆಲಸ ಅವಳದು. ನಾನು ಸಂಘಮಿತ್ರಳನ್ನು ಎಲ್ಲಿ ಭೇಟಿಯಾದೆನೆಂದು ಹಳೆಯ ಹಾಳೆ ನೋಡಿದರೆ ಅವಳಿಗೇ ತಿಳಿದೀತು.

ಹರಿತಾ ಎದ್ದು, ಮೂವತ್ತೊಂದು ಹಳೆಯ ಹಾಳೆಗಳನ್ನು ತಂದು ನನ್ನ ಕೈಗಿತ್ತಳು. "ಇವನ್ನ ನೀವೇ ಇಟ್ಕೊಳ್ಳಿ. ನನ್ನ ಹತ್ರ ಇದ್ರೆ ಆಸೆ ಆಗತ್ತೆ."

ಆಮೇಲೆ ಇಬ್ಬರೂ ಸೇರಿ ವರದಿ ಬರೆದೆವು. ಅಕ್ಕಯಮ್ಮನ ಮಾತುಗಳನ್ನು ಅವಳ ಮಾತಿನಲ್ಲಿಯೇ ಇಟ್ಟೆವು. ಯಜಮಾನರು ಮೂರು ಬಾರಿ ಕಾಫಿ ಮಾಡಿಕೊಟ್ಟರು, ಮೂರನೆಯ ಸಲ ಡಿಕಾಕ್ಷನ್ ಹಾಕುವುದನ್ನೇ ಮರೆತು.

೬ ಫೆಬ್ರವರಿ, ಗುರುವಾರ

ನಿನ್ನೆ ಹರಿತಾ ಬೆಂಗಳೂರಿನಿಂದ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮುಖ್ಯಸ್ಥರು ಮೂರು ಬಾರಿ "ಎಲ್ಲಿದೆ ಈ ಜಾಗ?" ಎಂದು ಕೇಳಿದರಂತೆ. ಹೇಳುವುದಿಲ್ಲವೆಂದು ಮೂರು ಬಾರಿ ಹೇಳಿದಳಂತೆ. ಅವರು ಕೋಪದಿಂದಲೋ ಏನೋ ಎದ್ದು ಹೊರಹೋದರು. ಇವಳು ಲ್ಯಾಪ್‌ಟಾಪ್ ಮಡಚಿ, ಮುಗಿಯಿತೆಂದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಇಪ್ಪತ್ತು ನಿಮಿಷ ಬಿಟ್ಟು ಮುಖ್ಯಸ್ಥರು ಮರಳಿ ಬಂದು ಹೇಳಿದರಂತೆ: "ನಮ್ಮಮ್ಮಂಗೆ ಫೋನ್ ಮಾಡಿದ್ದೆ. ಮಾರ್ಕೆಟ್ಟಿಗೆ ಹೋದಾಗ ನೀನೆಲ್ಲಿ ಕೂರ್ತೀಯಾ ಅಂತ ಕೇಳ್ದೆ. ಮೊದ್ಲು ಹೇಳ್ಲಿಲ್ಲ. ಆಮೇಲೆ, ಬ್ಯಾಂಕಲ್ಲಿ ಕಣೋ, ಟೋಕನ್ ತಗೊಂಡು ಸುಮ್ನೆ ಕೂತಿರ್ತೀನಿ, ಯಾರಿಗೂ ಹೇಳ್ಬೇಡ ಅಂದ್ರು."

ಪ್ರಾಜೆಕ್ಟ್ ಇಲ್ಲೇ ಉಳಿಯಿತು. ಇನ್ನು ಮೂರು ತಿಂಗಳು ಹರಿತಾಳೇ ನಡೆಸಬೇಕು. ಆ್ಯಪ್ ಯಾವ ಜಾಗವನ್ನೂ ಅಲ್ಲಿನವರ ಒಪ್ಪಿಗೆಯಿಲ್ಲದೆ ತೋರಿಸಬಾರದೆಂದೂ, ಒಪ್ಪಿದ ಅಂಗಡಿ, ಬೇಕರಿ, ಗ್ರಂಥಾಲಯಗಳಲ್ಲಿ ಚಿಲಕವಿರುವ ಬಚ್ಚಲು, ಫ್ಯಾನು, ಪ್ರಶ್ನೆಯಿಲ್ಲದ ಕುರ್ಚಿ ಇವೆಯೇ ಎಂದು ಮೊದಲು ನೋಡಬೇಕೆಂದೂ ತೀರ್ಮಾನವಾಯಿತು. ಮಾತನಾಡುತ್ತಲೇ ಅವಳು ನಮ್ಮ ಸೋಫಾದ ಮೇಲೆ ನಿದ್ದೆಹೋದಳು. ಹೊದಿಕೆ ಹೊದಿಸಿದೆ.

೧೨ ಫೆಬ್ರವರಿ, ಬುಧವಾರ

ಇಂದು ಶಿಡ್ಲಘಟ್ಟದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಹೋಗಿದ್ದೆ.

ಹಜಾರದಲ್ಲಿ ಅಕ್ಕಯಮ್ಮ ನನಗಾಗಿ ತನ್ನ ಚೀಲವಿಟ್ಟು ಕುರ್ಚಿ ಹಿಡಿದಿದ್ದಳು. ಗೂಡಿಗೆ ಒಳ್ಳೆಯ ಬೆಲೆ ಬಂದಿತಂತೆ. ಬಾಯಿ ತುಂಬ ಎಲೆಯಡಿಕೆ. ನಾನು ಚಪ್ಪಲಿ ಬಿಟ್ಟು ಕಾಲು ಮಡಚಿ ಮೇಲಿಟ್ಟುಕೊಂಡೆ. ಇಬ್ಬರೂ ಮಾತನಾಡಲಿಲ್ಲ. ಫ್ಯಾನು ತಿರುಗುತ್ತಿತ್ತು.

ಹನ್ನೆರಡರ ಹೊತ್ತಿಗೆ ಕಾವಲಿಗೆ ಹೊಸದಾಗಿ ಸೇರಿರುವ ನಲ್ಲಪ್ಪನೆಂಬವನು ಬಂದು ಸಾಲಿನ ಮುಂದೆ ನಿಂತ. ಒಳ್ಳೆಯವನೇ ಇರಬೇಕು, ಕೆಲಸ ಹೊಸತು. ಎಲ್ಲರಿಗಿಂತ ಹಿರಿಯಳು ನಾನೆಂದು ನನ್ನನ್ನೇ ಕೇಳಿದ.

"ಅಮ್ಮಾ, ನೀವು ಇಷ್ಟು ಜನ ಇಲ್ಲೇ ಕೂತಿದೀರಲ್ಲ, ಪೇಷಂಟ್ ಎಲ್ಲಿ?"

ಅಕ್ಕಯಮ್ಮ ಕಾಲು ಕೆಳಗಿಳಿಸಿದಳು. ಕಿಟಕಿಯ ಹಿಂದೆ ಸಂಘಮಿತ್ರಳ ಪೆನ್ನು ನಿಂತಿತು.

"ಒಳಗಿದಾರಪ್ಪ," ಎಂದೆ. "ಇನ್ನೂ ಹೊತ್ತಾಗತ್ತೆ."